ಸಂಬಳ ಏರಿಸಬೇಡಿ ಎಂದವಳು

ಪೋಲೆಂಡಿನ ಪುಟ್ಟ ಊರು ಕೆಂಪ್ನೊದಲ್ಲಿ ಯಾದ್ವಿಗಾ ಮತ್ತು ಬೊಗುಮಿಲ್ ಗಂಡಹೆಂಡಿರ ಜಗಳ ಗೊತ್ತಿಲ್ಲದವರು ಕಡಿಮೆ. ತಟ್ಟೆ ಲೋಟ ಹಾರಾಡುವ ಜಗಳವಲ್ಲ ಅದು. ಭಾನುವಾರ ಚರ್ಚಿನಿಂದ ಬಂದು ಕೋಳಿಸಾರಿಗೆ ಶಾವಿಗೆ ಹಾಕಿಕೊಂಡು ಕೂತ ಮೇಲೆ ಶುರುವಾಗಿ, ಮಾಂಸ ಬಡಿಸುವ ಹೊತ್ತಿಗೆ ತಾರಕಕ್ಕೇರಿ, ಕೇಕು ಕತ್ತರಿಸುವಾಗ ತಣ್ಣಗಾಗುವ ಜಗಳ. ಬಡವರು ಮೇಲೇಳಬೇಕಾದರೆ ಸರ್ಕಾರ ಅವರ ಕೈಗೆ ದುಡ್ಡು ಕೊಡಬೇಕೋ, ಇಲ್ಲಾ ದುಡಿಯುವವರ ಜೇಬಿಗೆ ಕೈ ಹಾಕುವುದನ್ನು ಬಿಡಬೇಕೋ ಎನ್ನುವುದೇ ಅದರ ಮೂಲ.

ಇಬ್ಬರೂ ಒಂದೇ ವರ್ಷ ಬೇರೆ ಬೇರೆ ದಾರಿ ಹಿಡಿದದ್ದು ಇದಕ್ಕೆಲ್ಲ ಕಾರಣ. ಹಳೆಯ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮರುವರ್ಷ ಬೊಗುಮಿಲ್ ಮರಗೆಲಸದ ಸರ್ಕಾರಿ ಕಾರ್ಖಾನೆಗೆ ನಮಸ್ಕಾರ ಹಾಕಿ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಸ್ವಂತ ಕುಶನ್ ಕೆಲಸ ತೆರೆದ. ಸೋಫಾ, ಕುರ್ಚಿ, ಮಂಚದ ಗಾದಿ, ಏನು ತಂದರೂ ಹಳೆಯ ಬಟ್ಟೆ ಕಿತ್ತು ಸ್ಪ್ರಿಂಗು ಬಿಗಿದು ಹೊಸ ಹೊದಿಕೆ ಹೊಲಿದುಕೊಡುವ ಕಸುಬು. ಅದೇ ವರ್ಷ ಊರಿನಲ್ಲಿ ಬಡವರ ನೆರವಿನ ಕಚೇರಿ ಹೊಸದಾಗಿ ತೆರೆಯಿತು. ಅದರ ಕಿಟಕಿಯ ಹಿಂದೆ ಯಾದ್ವಿಗಾ ಕೂತಳು. ಅಂದಿನಿಂದ ಗಂಡ ತಿಂಗಳು ತಿಂಗಳು ಶಾಪ ಹಾಕುತ್ತಾ ಸರ್ಕಾರಕ್ಕೆ ತೆರಿಗೆ, ವಂತಿಗೆ ಕಟ್ಟುವವನು, ಹೆಂಡತಿ ತಿಂಗಳು ತಿಂಗಳು ಹಂಚುವವಳು.

"ನಾನು ಒಬ್ಬ ಕೆಲಸದವನನ್ನ ಇಟ್ಟುಕೊಂಡ್ರೆ ಜೊತೆಗೆ ಕಣ್ಣಿಗೆ ಕಾಣದ ಇನ್ನೊಬ್ಬನಿಗೂ ಅನ್ನ ಹಾಕಬೇಕು ಕಣೇ. ಅವನು ವಾರ್ಸಾದಲ್ಲಿ ಕೂತಿರ್ತಾನೆ. ಸುತ್ತಿಗೆ ಯಾವ ಕಡೆಯಿಂದ ಹಿಡೀಬೇಕು ಅನ್ನೋದೂ ಅವನಿಗೆ ಗೊತ್ತಿಲ್ಲ" ಎನ್ನುತ್ತಿದ್ದ ಬೊಗುಮಿಲ್.

ಆ ಕಣ್ಣಿಗೆ ಕಾಣದವನೇ ನಿಮ್ಮಮ್ಮನಿಗೆ ಪಿಂಚಣಿ ಕೊಡುವುದು, ನಿನ್ನ ಹೊಟ್ಟೆ ಕುಯ್ದು ಕಲ್ಲು ತೆಗೆಸಿದ್ದೂ ಅವನೇ ಎಂದು ಯಾದ್ವಿಗಾ ನೆನಪಿಸುತ್ತಿದ್ದಳು. ಗಂಡ ಸಾರು ಹೀರುತ್ತಿದ್ದ. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಮಾತು ನಿಂತರೆ ಗಡಿಯಾರದ ಸದ್ದು ಕೇಳಿಸುತ್ತದೆ, ಅದಕ್ಕೇ ಜಗಳ ಸಾಕಿಕೊಂಡಿದ್ದಾರೆ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ನಿಜವಿತ್ತು ಎಂದು ಯಾದ್ವಿಗಾಳಿಗೂ ಅನ್ನಿಸುತ್ತಿತ್ತು.

ಸರ್ಕಾರ ಮಕ್ಕಳಿಗೆ ತಿಂಗಳಿಗೆ ಅಲ್ಲಿನ ನಾಣ್ಯದಲ್ಲಿ ಐದುನೂರು ಜ್ವೋತಿ ಭತ್ಯೆ ಕೊಡತೊಡಗಿದ ವರ್ಷ ಆ ಜಗಳಕ್ಕೊಂದು ಹೆಸರು, ಮುಖ ಎಲ್ಲ ಬಂತು. ಹೆಸರು ಜನೆತಾ.

ಏಪ್ರಿಲ್ ತಿಂಗಳು. ಕಚೇರಿಯ ಮುಂದೆ ಬಾಗಿಲು ದಾಟಿ ಬೀದಿಯವರೆಗೂ ಜನ ನಿಂತಿದ್ದರು. ಇಪ್ಪತ್ತೆಂಟರ ಆಸುಪಾಸಿನ ತೆಳ್ಳನೆಯ ಹೆಂಗಸೊಬ್ಬಳು ಏಳು ವರ್ಷದ ಮಗಳ ಕೈ ಹಿಡಿದು ಕಿಟಕಿಗೆ ಬಂದಳು. ಯಾದ್ವಿಗಾಳ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಬೆರಳುಗಳು. ಉಗುರಿನ ಸುತ್ತ ಕಂದು ಕಲೆ, ತುದಿಯಲ್ಲಿ ಸೀಳು. ಊರಾಚೆಯ ಅಣಬೆ ಶೆಡ್ಡುಗಳಲ್ಲಿ ದುಡಿಯುವವರ ಕೈ ಹಾಗೇ ಆಗುತ್ತದೆ. ಅಲ್ಲಿ ಬುಟ್ಟಿ ಲೆಕ್ಕಕ್ಕೆ ಕೂಲಿ, ಕಾಗದಪತ್ರ ಏನೂ ಇಲ್ಲ. ಮೇಲ್ವಿಚಾರಕ ಫೋನು ಮಾಡಿದ ಹೊತ್ತಿಗೆ ಓಡಬೇಕು. ಮಗುವಿನ ಅಪ್ಪ ಹಾಲೆಂಡಿಗೆ ಹೋದವನು ಅಲ್ಲೇ ಕರಗಿಹೋಗಿದ್ದ.

ಒಂದೇ ಮಗುವಿದ್ದವರಿಗೆ ಈ ದುಡ್ಡು ಸಿಗಬೇಕಾದರೆ ಆದಾಯ ಒಂದು ಗೆರೆಯ ಒಳಗಿರಬೇಕು ಎಂದು ಯಾದ್ವಿಗಾ ವಿವರಿಸಿದಳು. ಜನೆತಾಳ ಆದಾಯ ಗೆರೆಗಿಂತ ತುಂಬಾ ಕೆಳಗಿತ್ತು. ಎಲ್ಲ ಮುಗಿದ ಮೇಲೂ ಅವಳು ಕಿಟಕಿ ಬಿಟ್ಟು ಹೋಗಲಿಲ್ಲ. ದನಿ ತಗ್ಗಿಸಿ, ಇದನ್ನು ಯಾವಾಗ ವಾಪಸು ಕಟ್ಟಬೇಕು ಎಂದು ಕೇಳಿದಳು. ಕಟ್ಟಬೇಕಾಗಿಲ್ಲ ಎಂದರೂ ನಂಬದೆ ಮಗಳ ಮುಖ ನೋಡಿದಳು.

ಆ ದಿನ ಮನೆಗೆ ಬಂದು ಯಾದ್ವಿಗಾ ಇದನ್ನು ಎರಡೆರಡು ಸಲ ಹೇಳಿದಳು. ಬೊಗುಮಿಲ್ ಮಾತ್ರ ಕರಗಲಿಲ್ಲ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು, ನೋಡುತ್ತಿರು, ಬೇಸಿಗೆಯೊಳಗೆ ಅವಳು ಕೆಲಸ ಬಿಡುತ್ತಾಳೆ ಎಂದ. ಜುಲೈನಲ್ಲಿ ಜನೆತಾ ಅಣಬೆ ಶೆಡ್ಡಿನ ಕೆಲಸ ಬಿಟ್ಟೇಬಿಟ್ಟಳು. ಸುದ್ದಿ ಬ್ರೆಡ್ಡಿನ ಅಂಗಡಿಯಲ್ಲಿ ಕಿವಿಗೆ ಬಿದ್ದ ಕೂಡಲೇ ಬೊಗುಮಿಲ್ ಎಂದೂ ಇಲ್ಲದೆ ಕಚೇರಿಯವರೆಗೆ ನಡೆದು ಬಂದು, ಕಿಟಕಿಯಲ್ಲಿ ತಲೆ ತೂರಿಸಿ, "ನಿಮ್ಮ ಜನೆತಾ ಹೇಗಿದ್ದಾಳೆ ಮೇಡಂ?" ಎಂದು ಕೇಳಿ ಹೋದ. ಯಾದ್ವಿಗಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ತಾನೇ ಸೋತ ಹಾಗಾಯಿತು. ಅವಳು ಆ ಹೆಂಗಸಿನ ಮೇಲೆ ಪಂತ ಕಟ್ಟಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಸೆಪ್ಟೆಂಬರಿನಲ್ಲಿ ಜನೆತಾ ತಾನಾಗಿ ಬೊಗುಮಿಲ್‌ನ ಕೊಟ್ಟಿಗೆಗೆ ಬಂದಳು. ಅವನ ಹೊಲಿಗೆಯವನು ಹೆಚ್ಚಿನ ಸಂಬಳಕ್ಕೆ ಜರ್ಮನಿಗೆ ಹೋಗಿ ಮೂರು ತಿಂಗಳಾಗಿತ್ತು. ಅವಳು ಕಸುಬಿನ ಶಾಲೆಯಲ್ಲಿ ಹೊಲಿಗೆ ಕಲಿಯುತ್ತಿದ್ದವಳು. ಮಗು ಹೊಟ್ಟೆಯಲ್ಲಿದ್ದಾಗ ಅರ್ಧಕ್ಕೇ ಬಿಟ್ಟಿದ್ದಳು. ಈ ಬೇಸಿಗೆಯೆಲ್ಲ ಹಳೆಯ ಪರದೆಗಳ ಮೇಲೆ ಕೈ ಕುದುರಿಸಿಕೊಂಡು ಬಂದಿದ್ದಳು. ಬೊಗುಮಿಲ್ ಒಂದು ದಿಂಬಿನ ಅಂಚು ಹೊಲಿಯಲು ಕೊಟ್ಟ. ಹೊಲಿದು ತಂದಳು. ಅವನು ಕನ್ನಡಕ ಹಣೆಗೇರಿಸಿ ನೋಡಿ, "ಬಿಚ್ಚು" ಎಂದ. ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಬಿಚ್ಚಿಸಿದ. ಸಂಜೆಯವರೆಗೆ ಇದೇ ನಡೆಯಿತು. ಅಳುತ್ತಾ ಓಡಿಹೋಗುತ್ತಾಳೆ ಎಂದು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಯಾದ್ವಿಗಾ ಅಂದುಕೊಂಡಳು. ಜನೆತಾ ಓಡಲಿಲ್ಲ. ಕತ್ತಲಾಗುವ ಹೊತ್ತಿಗೆ ಬೊಗುಮಿಲ್ ದಿಂಬನ್ನು ಕಪಾಟಿನಲ್ಲಿಟ್ಟು, ನಾಳೆ ಏಳಕ್ಕೆ ಬಾ ಎಂದ.

ಅವಳಿಗೆ ಎಷ್ಟು ಕೊಡಬೇಕು, ಅವಳ ಹೆಸರಿನಲ್ಲಿ ಸರ್ಕಾರಕ್ಕೆ ಎಷ್ಟು ಕಟ್ಟಬೇಕು ಎಂದು ಲೆಕ್ಕ ಹಾಕುತ್ತಾ ಆ ವಾರವೆಲ್ಲ ಬೈದುಕೊಂಡು ಓಡಾಡಿದ. ಕೂತು ಉಣ್ಣುತ್ತಾಳೆ ಅಂದಿದ್ದೆಯಲ್ಲ ಎಂದು ಹೆಂಡತಿ ಕೆಣಕಿದಾಗ, "ಒಂದು ಕಾಗೆ ಬೆಳ್ಳಗಿತ್ತು ಅಂತ ಕಾಗೆ ಜಾತಿಯೆಲ್ಲ ಬೆಳ್ಳಗಾಗಲ್ಲ ಯಾಜಾ" ಎಂದ. ಪ್ರೀತಿ ಬಂದಾಗಲೂ ಸೋತಾಗಲೂ ಅವನು ಅವಳನ್ನು ಯಾಜಾ ಎನ್ನುತ್ತಿದ್ದ.

ಮರುವರ್ಷ ಯಾದ್ವಿಗಾ ನಿವೃತ್ತಳಾದಳು. ಶಾಲೆ ಬಿಟ್ಟ ಮೇಲೆ ಜನೆತಾಳ ಮಗಳು ಕೊರ್ನೆಲ್ಯಾ ಅವಳ ಅಡುಗೆಮನೆಗೆ ಬರುವುದು ರೂಢಿಯಾಯಿತು. ಬೇಯಿಸಿದ ಆಲೂಗಡ್ಡೆಗೆ ಈರುಳ್ಳಿಸೊಪ್ಪು ಕಲಸಿದ ಗಟ್ಟಿ ಮೊಸರು ಹಾಕಿಕೊಟ್ಟರೆ ಹುಡುಗಿ ತಟ್ಟೆ ನೆಕ್ಕುವ ಹಾಗೆ ತಿನ್ನುತ್ತಿತ್ತು. ತಿಂದು ಕೊಟ್ಟಿಗೆಗೆ ಓಡುತ್ತಿತ್ತು. ಅಲ್ಲಿ ಬೊಗುಮಿಲ್ ಅದರ ಕಣ್ಣು ಕಟ್ಟಿ, ಗಾದಿಗೆ ತುಂಬುವ ಎಳೆಯೊಂದನ್ನು ಮೂಗಿನ ಹತ್ತಿರ ಹಿಡಿದು, ಇದು ಕುದುರೆಕೂದಲೋ ತೆಂಗಿನ ನಾರೋ ಹೇಳು ಎನ್ನುತ್ತಿದ್ದ. ಸರಿಯಾಗಿ ಹೇಳಿದರೆ ತನ್ನ ಜೇಬಿನಿಂದ ಕ್ಯಾಂಡಿ. ತಪ್ಪಿದರೂ ಕ್ಯಾಂಡಿ, ಆದರೆ ಸ್ವಲ್ಪ ಗೊಣಗಿದ ಮೇಲೆ.

ಆ ವರ್ಷದ ಅಕ್ಟೋಬರಿನಲ್ಲಿ ಒಂದು ದೊಡ್ಡ ಹೋಟೆಲಿನ ಕುರ್ಚಿಗಳ ಕೆಲಸ ಮುಗಿದಿತ್ತು. ಬೊಗುಮಿಲ್ ಒಂದು ವಾರ ಯೋಚನೆ ಮಾಡಿ, ಹೆಂಡತಿಗೂ ಹೇಳದೆ, ಜನೆತಾಳ ಸಂಬಳ ನೂರೈವತ್ತು ಏರಿಸುವುದೆಂದು ತೀರ್ಮಾನಿಸಿದ. ಜಿಪುಣರೆಂದು ದೇಶವೆಲ್ಲ ಆಡಿಕೊಳ್ಳುವ ಸೀಮೆಯವನು ಅವನು. ಹಾಗೆ ತಾನಾಗಿ ಸಂಬಳ ಏರಿಸಿದ್ದು ಬದುಕಿನಲ್ಲಿ ಅದೇ ಮೊದಲು. ಶನಿವಾರ ಕೆಲಸ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ. ಜನೆತಾಳ ಮುಖ ಬಿಳಿಚಿಕೊಂಡಿತು.

"ಬೇಡ ಮೇಸ್ತ್ರೀ. ದಯವಿಟ್ಟು ಏರಿಸಬೇಡಿ" ಎಂದಳು. ಯಾಕೆಂದು ಹೇಳದೆ ಕೋಟು ಹಾಕಿಕೊಂಡು ಹೊರಟುಹೋದಳು.

ಬೊಗುಮಿಲ್‌ಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಭಾನುವಾರ ಜಗಳವನ್ನೂ ಆಡಲಿಲ್ಲ. ನನ್ನ ದುಡ್ಡು ಅಷ್ಟು ಹಗುರವೇ ಅವಳಿಗೆ ಎಂದು ಒಂದೇ ಸಲ ಕೇಳಿ ಮಲಗಿಬಿಟ್ಟ.

ಸೋಮವಾರ ಯಾದ್ವಿಗಾ ಪ್ಲಮ್ ಹಣ್ಣಿನ ಗಟ್ಟಿಪಾಕ ಕಾಯಿಸುತ್ತಿದ್ದಳು. ದೊಡ್ಡ ಪಾತ್ರೆ, ತಿರುವಲು ಇನ್ನೊಬ್ಬರು ಬೇಕು ಎಂಬ ನೆಪದಲ್ಲಿ ಜನೆತಾಳನ್ನು ಒಳಗೆ ಕರೆದಳು. ಮರದ ಸೌಟು ಅವಳ ಕೈಗೆ ಕೊಟ್ಟು ತಾನು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ತಿರುವಿದ ಮೇಲೆ ಜನೆತಾ ಪಾಕವನ್ನೇ ನೋಡುತ್ತಾ ಮಾತಾಡಿದಳು. ಇಬ್ಬರ ಸಂಸಾರಕ್ಕೆ ಗೆರೆ ಇರುವುದು ಸಾವಿರದ ಆರುನೂರಕ್ಕೆ. ಮೇಸ್ತ್ರಿ ನೂರೈವತ್ತು ಏರಿಸಿದರೆ ಹತ್ತೇ ಹತ್ತು ಜ್ವೋತಿಯಲ್ಲಿ ಗೆರೆ ದಾಟುತ್ತದೆ. ಮುಂದಿನ ಸಲ ಲೆಕ್ಕ ನೋಡುವಾಗ ಐದುನೂರು ಪೂರ್ತಿ ಹೋಗುತ್ತದೆ. ನೂರೈವತ್ತು ಬಂದು ಐದುನೂರು ಹೋಗುವುದು ಎಂಥ ಬಡ್ತಿ ಪಾನಿ ಎಂದು ಕೇಳಿದಳು. ಯಾದ್ವಿಗಾಳನ್ನು ಅವಳು ಕರೆಯುತ್ತಿದ್ದದ್ದು ಹಾಗೇ, ಪಾನಿ ಎಂದರೆ ಅಮ್ಮಾವ್ರೇ ಎಂದ ಹಾಗೆ.

ಯಾದ್ವಿಗಾಳ ಕಿವಿ ಬಿಸಿಯಾಯಿತು. ಆ ಗೆರೆ ಅವಳಿಗೆ ಗೊತ್ತಿಲ್ಲದ್ದಲ್ಲ. ಕಿಟಕಿಯ ಹಿಂದೆ ಕೂತು ಎಷ್ಟೋ ಜನರಿಗೆ ಅದನ್ನು ಹೇಳಿ, ನಿಯಮ ಅಂದಮೇಲೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಲ್ಲ ಎಂದು ಸಮಾಧಾನವನ್ನೂ ಹೇಳಿದ್ದಳು. ಆದರೆ ಆಗ ಅದು ಕಾಗದದ ಮೇಲಿನ ಗೆರೆ. ಈಗ ಅದು ತನ್ನದೇ ಒಲೆಯ ಮುಂದೆ ನಿಂತು ಸೌಟು ತಿರುವುತ್ತಿತ್ತು.

ವಿಷಯ ತಿಳಿದ ಬೊಗುಮಿಲ್ ಕುಣಿದಾಡಿಬಿಟ್ಟ. ಸಿಟ್ಟಿನ ಅಡಿಯಲ್ಲಿ ಸಮಾಧಾನವೂ ಇತ್ತು. ಅವಳು ತನ್ನ ದುಡ್ಡನ್ನು ತಳ್ಳಿದ್ದಲ್ಲ ಎಂದು ಗೊತ್ತಾಗಿತ್ತಲ್ಲ. ಮೇಲೆ ಹತ್ತಲಿ ಅಂತ ಏಣಿ ಕೊಟ್ಟು, ಮೂರನೇ ಮೆಟ್ಟಿಲು ಹತ್ತಿದ ಕೂಡಲೇ ಏಣಿ ಕಿತ್ತುಕೊಳ್ಳುವವರು ನೀವು ಎಂದು ಹೆಂಡತಿಯ ಮೇಲೆ ಹರಿಹಾಯ್ದ, ಅವಳೇ ಕೂತು ಕಾನೂನು ಬರೆದವಳು ಎನ್ನುವ ಹಾಗೆ. ಆಮೇಲೆ ತನಗೆ ತೋಚಿದ ದಾರಿ ಹೇಳಿದ: ಕಾಗದದ ಮೇಲೆ ಹಳೆಯ ಸಂಬಳವೇ ಇರಲಿ, ಮಿಕ್ಕದ್ದನ್ನು ಕೈಯಲ್ಲಿ ಕೊಟ್ಟರಾಯಿತು. ಊರೆಲ್ಲ ಮಾಡುವುದು ಅದನ್ನೇ. ತನ್ನ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದಳು ಯಾದ್ವಿಗಾ. ಗಂಡಹೆಂಡಿರು ಇಬ್ಬರೂ ಏರಿದ ದನಿಯಲ್ಲಿ ವಾದಿಸುತ್ತಿರುವಾಗ ಜನೆತಾ ಬಾಗಿಲಲ್ಲಿ ನಿಂತಿದ್ದಳು.

ಕೈಯಲ್ಲಿ ತೆಗೆದುಕೊಳ್ಳುವುದು ಅಣಬೆ ಶೆಡ್ಡಿನಲ್ಲೇ ಸಾಕಾಗಿದೆ ಎಂದಳು ಅವಳು. ಒಂದು ಸಲ ಜ್ವರ ಬಂದು ಎರಡು ವಾರ ಮಲಗಿದಾಗ, ಜನೆತಾ ಎಂಬವಳೊಬ್ಬಳು ಅಲ್ಲಿ ದುಡಿಯುತ್ತಿದ್ದಳು ಎಂಬುದೇ ಯಾವ ಪುಸ್ತಕದಲ್ಲೂ ಇರಲಿಲ್ಲವಂತೆ. "ದುಡ್ಡು ಬೇಡ ಮೇಸ್ತ್ರೀ, ಅದರ ಬದಲು ನನಗೆ ಕತ್ತರಿಸೋದು ಕಲಿಸಿಕೊಡಿ" ಎಂದಳು.

ಹೊಲಿಯುವವರನ್ನು ಬೊಗುಮಿಲ್ ಬೇಕಾದಷ್ಟು ತಯಾರು ಮಾಡಿದ್ದ. ಕತ್ತರಿ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಕುರ್ಚಿಯನ್ನು ಒಂದು ಸುತ್ತು ನೋಡಿ, ಬಟ್ಟೆ ಹಾಸಿ, ಎಲ್ಲಿ ಎಷ್ಟು ಬಿಟ್ಟು ಕತ್ತರಿಸಬೇಕು ಎಂದು ತಿಳಿದವನು ಕೆಲಸದವನಾಗಿ ಉಳಿಯುವುದಿಲ್ಲ, ಮೇಸ್ತ್ರಿಯಾಗುತ್ತಾನೆ. ಅದು ಅವನಿಗೆ ಗೊತ್ತಿತ್ತು. ಕೇಳಿದವಳಿಗೂ ಗೊತ್ತಿತ್ತು ಎಂದು ಯಾದ್ವಿಗಾಳಿಗೆ ಅವಳ ಮುಖ ನೋಡಿಯೇ ಅರ್ಥವಾಯಿತು. ಆ ರಾತ್ರಿ ಅವನು ಹಾಸಿಗೆಯಲ್ಲಿ ಹೊರಳಾಡಿದ. ಬೆಳಗ್ಗೆ ಕಾಫಿ ಕುಡಿಯುತ್ತಾ, ಬಟ್ಟೆ ಹಾಳು ಮಾಡಿದರೆ ಅವಳ ಕಿವಿ ಹಿಂಡುತ್ತೇನೆ ಎಂದ. ಕಲಿಸಲು ಒಪ್ಪಿದ್ದಾನೆ ಎಂದು ಯಾದ್ವಿಗಾ ತಿಳಿದುಕೊಂಡಳು.

ಆ ಚಳಿಗಾಲವಿಡೀ ಕಲಿಸಿದ. ಹಳೆಯ ಬೆಡ್‌ಶೀಟುಗಳೆಲ್ಲ ಖರ್ಚಾದವು. ಒಂದು ಸಲ ಒಳ್ಳೆಯ ವೆಲ್ವೆಟ್ ಬಟ್ಟೆಯನ್ನು ಅವಳು ತಲೆಕೆಳಗಾಗಿ ಕತ್ತರಿಸಿ, ಎಳೆಗಳು ಮಲಗುವ ದಿಕ್ಕು ತಪ್ಪಿ, ಸೋಫಾದ ಒಂದು ಕೈ ಹಗಲಿನಂತೆ ತಿಳಿಯಾಗಿ, ಇನ್ನೊಂದು ಸಂಜೆಯಂತೆ ಮಬ್ಬಾಗಿ ಕಂಡಿತು. ಬೊಗುಮಿಲ್ ಕಿವಿ ಹಿಂಡಲಿಲ್ಲ. ಹೊರಗೆ ಹೋಗಿ ಹಿಮದಲ್ಲಿ ಒಂದು ಸಿಗರೇಟು ಸೇದಿ ಬಂದು ಹೊಸ ತುಂಡು ಹಾಸಿಕೊಟ್ಟ.

ಮುಂದಿನ ಮೇ ತಿಂಗಳಲ್ಲಿ ಚರ್ಚಿನಲ್ಲಿ ಕೊರ್ನೆಲ್ಯಾಳ ಮೊದಲ ಪರಮಪ್ರಸಾದದ ಹಬ್ಬ ಬಂತು. ಬಿಳಿ ಉಡುಪು, ತಲೆಗೆ ಹೂವಿನ ದಂಡೆ. ಆ ಹಬ್ಬಕ್ಕೆ ಹೋಟೆಲು ಗೊತ್ತುಮಾಡಿ ಮೈಮೇಲೆ ಸಾಲ ಹೊತ್ತುಕೊಂಡವರು ಊರಲ್ಲಿ ಎಷ್ಟೋ ಜನ. ಅದೆಲ್ಲ ಬೇಡ, ನಮ್ಮ ಅಂಗಳದಲ್ಲೇ ಊಟ ಎಂದು ಯಾದ್ವಿಗಾ ಕಟ್ಟಪ್ಪಣೆ ಮಾಡಿದಳು. ಹೂಬಿಟ್ಟ ಲೈಲಾಕ್ ಗಿಡದ ಕೆಳಗೆ ಮೇಜು ಹಾಕಿ ನಾಲ್ಕೇ ಜನ ಕೂತರು. ಬಾತುಕೋಳಿ ಹುರಿದಿದ್ದಳು, ಕೆಂಪು ಕೋಸು, ಹಬೆಯಲ್ಲಿ ಬೆಂದ ಮೆತ್ತನೆಯ ಉಂಡೆಗಳು. ಎಲ್ಲ ಚೆನ್ನಾಗಿಯೇ ಶುರುವಾಯಿತು. ಅಷ್ಟರಲ್ಲಿ ಬೊಗುಮಿಲ್ ಒಂದು ಲೋಟ ಏರಿಸಿ, ಈ ಹುಡುಗಿಯ ಅಮ್ಮ ಇವತ್ತು ತಲೆಯೆತ್ತಿ ಚರ್ಚಿಗೆ ಹೋದದ್ದು ಕೆಲಸದಿಂದ, ಭತ್ಯೆಯಿಂದಲ್ಲ ಎಂದುಬಿಟ್ಟ. ಭತ್ಯೆ ಇಲ್ಲದಿದ್ದರೆ ನಿನ್ನ ಕೆಲಸದ ಬಾಗಿಲಿಗೆ ಬರಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು ಎಂದಳು ಯಾದ್ವಿಗಾ. ಬಾತುಕೋಳಿ ತಣ್ಣಗಾಗತೊಡಗಿತು. ಅವಳು ಹೀಗೆ, ಅವಳಿಗೆ ಹಾಗೆ ಎಂದು ಇಬ್ಬರೂ ಮೇಜಿನ ಎರಡು ತುದಿಯಿಂದ ಎಳೆದಾಡಿದರು.

ಜನೆತಾ ಫೋರ್ಕು ಕೆಳಗಿಟ್ಟಳು.

"ನಾನು ಇಲ್ಲೇ ಕೂತಿದ್ದೀನಿ. ಒಂದು ಸಲ ನನ್ನನ್ನೇ ಕೇಳಬಹುದಲ್ಲ?"

ಇಬ್ಬರೂ ಅವಳ ಕಡೆ ತಿರುಗಿದರು.

"ಪಾನಿ, ನಿಮ್ಮ ದುಡ್ಡು ಬಂದ ತಿಂಗಳು ನಾನು ಮೊದಲು ಮಾಡಿದ್ದೇನು ಗೊತ್ತಾ? ಶೆಡ್ಡಿನವನು ಭಾನುವಾರ ಬಾ ಅಂತ ಫೋನ್ ಮಾಡಿದ. ಬರಲ್ಲ ಅಂದೆ. ಅಷ್ಟೇ. ಹುಟ್ಟಿದಾಗಿಂದ ಯಾರಿಗೂ ಹಾಗೆ ಅಂದಿರಲಿಲ್ಲ. ಅಂದ ಮೇಲೆ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಆದ್ರೆ ನಿಮ್ಮ ಕಿಟಕಿ ಮುಂದೆ ನಿಲ್ಲೋದು ನನಗೆ ಇಷ್ಟ ಇರಲಿಲ್ಲ ಪಾನಿ. ನೀವು ಒಳ್ಳೆಯವರೇ. ಹಿಂದೆ ನಿಂತವರೆಲ್ಲ ನನ್ನ ಶೂ ನೋಡ್ತಿದ್ರು."

ಆಮೇಲೆ ಬೊಗುಮಿಲ್ ಕಡೆ ತಿರುಗಿದಳು. ಮೇಸ್ತ್ರಿ ಕೊಟ್ಟ ಸಂಬಳವನ್ನು ಬೇರೆ ಯಾರಾದರೂ ಕೊಡುತ್ತಿದ್ದರೇನೋ, ಬಿಚ್ಚಿ ಬಿಚ್ಚಿ ಹೊಲಿಸುವಷ್ಟು ನನ್ನ ಮೇಲೆ ಯಾರೂ ಹೊತ್ತು ಕಳೆದಿರಲಿಲ್ಲ ಎಂದಳು. ಹೇಳಿ ಉಸಿರು ತೆಗೆದುಕೊಂಡು, ಜೂನ್ ಒಂದರಿಂದ ತಾನು ಸ್ವಂತ ಕೆಲಸ ಶುರು ಮಾಡುತ್ತಿರುವುದಾಗಿಯೂ ಹೇಳಿದಳು. ಆ ವಸಂತದಲ್ಲಿ ಹೊಸ ರಿಯಾಯಿತಿ ಬಂದಿತ್ತು: ಹೊಸದಾಗಿ ಕಸುಬು ತೆರೆದವರು ಮೊದಲ ಆರು ತಿಂಗಳು ಪಿಂಚಣಿ ವಂತಿಗೆ ಕಟ್ಟಬೇಕಾಗಿಲ್ಲ. ಬೀದಿಯ ಕೊನೆಯ ಹಳೆಯ ಸೈಕಲ್ ಅಂಗಡಿಯನ್ನು ಬಾಡಿಗೆಗೆ ಮಾತಾಡಿ ಆಗಿತ್ತು.

ಬೊಗುಮಿಲ್ ಎದ್ದು ಕೊಟ್ಟಿಗೆಗೆ ಹೋದ. ಕೊರ್ನೆಲ್ಯಾ ಬಿಳಿ ಉಡುಪಿನಲ್ಲೇ ಅವನ ಹಿಂದೆ ಓಡಿದಳು. ಹೆಂಗಸರಿಬ್ಬರೇ ಉಳಿದರು. ಇಪ್ಪತ್ತಾರು ವರ್ಷ ಆ ಕಿಟಕಿಯ ಒಳಗಡೆ ಕೂತವಳು ಯಾದ್ವಿಗಾ. ಹೊರಗಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಒಬ್ಬರೂ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಇನ್ನೊಂದು ತುಂಡು ಬಾತುಕೋಳಿ ತೆಗೆದು ಜನೆತಾಳ ತಟ್ಟೆಗೆ ಹಾಕಿದಳು. ತಿನ್ನು ಎಂದಳು. ಜನೆತಾ ಅಳುತ್ತಾ ತಿಂದಳು.

ಬಹಳ ಹೊತ್ತಾದ ಮೇಲೆ ಕೊಟ್ಟಿಗೆಗೆ ಹೋಗಿ ನೋಡಿದರೆ ಬೊಗುಮಿಲ್ ಖಾಲಿ ಸೋಫಾ ಚೌಕಟ್ಟಿನ ಮೇಲೆ ಕೂತಿದ್ದ. ಕೊರ್ನೆಲ್ಯಾ ಅವನ ಭುಜಕ್ಕೊರಗಿ ಕ್ಯಾಂಡಿ ಚೀಪುತ್ತಿದ್ದಳು. "ನೋಡು ಯಾಜಾ," ಎಂದ ಅವನು. "ಇಪ್ಪತ್ತೆಂಟು ವರ್ಷ ಬಾಯಿ ಬಡಕೊಂಡೆ, ಕಸುಬಿನವರ ಮೇಲಿನ ಭಾರ ಇಳಿಸಿ ಇಳಿಸಿ ಅಂತ. ಇಳಿಸಿದ್ರು. ಇಳಿಸಿದ ಕೂಡಲೇ ಅದು ನನ್ನ ಕೆಲಸದವಳನ್ನೇ ಕರಕೊಂಡು ಹೋಯ್ತು." ಯಾದ್ವಿಗಾ ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಅಷ್ಟಕ್ಕೇ ಮುಗಿಯಲಿಲ್ಲ. ತನ್ನ ಹೆಚ್ಚಿನ ಕೆಲಸವನ್ನು ಅವಳಿಗೇ ಕೊಟ್ಟು ಮಾಡಿಸೋಣ ಎಂದು ಬೊಗುಮಿಲ್ ಲೆಕ್ಕ ಹಾಕಿಕೊಂಡಿದ್ದ. ವಿಚಾರಿಸಿದರೆ ಹಾಗಿಲ್ಲವಂತೆ. ಹಳೆಯ ಯಜಮಾನನಿಗೇ ಅದೇ ಕೆಲಸ ಮಾಡಿಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ. ಜನೆತಾ ತನ್ನ ಗಿರಾಕಿಗಳನ್ನು ತಾನೇ ಹುಡುಕಿಕೊಳ್ಳಬೇಕು.

ಮೊದಲ ಬೇಸಿಗೆ ಅವಳಿಗೆ ಕಷ್ಟದ್ದು. ಅಂಗಡಿಯ ಗಾಜಿನ ಹಿಂದೆ ಅವಳು ಸುಮ್ಮನೆ ಕೂತಿರುವುದು ಬೀದಿಗೆಲ್ಲ ಕಾಣುತ್ತಿತ್ತು. ಬಾಡಿಗೆ ಕಟ್ಟಿದರೆ ಕೈಯಲ್ಲಿ ಮಿಗುತ್ತಿದ್ದದ್ದು ಐದುನೂರರ ಭತ್ಯೆಯಷ್ಟೇ. ಯಾದ್ವಿಗಾ ಕೊರ್ನೆಲ್ಯಾಳಿಗೆ ಎಂದು ಹೇಳಿ ಮೂವರಿಗಾಗುವಷ್ಟು ಸೂಪು ಕಳಿಸುತ್ತಿದ್ದಳು.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಕೊಟ್ಟಿಗೆಯಿಂದ ಮಾತು ಕೇಳಿಸಿತು. ಹಳ್ಳಿಯ ರೈತನೊಬ್ಬ ಹರಿದ ಟ್ರ್ಯಾಕ್ಟರ್ ಸೀಟು ತಂದಿದ್ದ. ಬೊಗುಮಿಲ್ ತನ್ನ ಕೈ ಚಾಚಿ ನಡುಗಿಸಿ ತೋರಿಸುತ್ತಿದ್ದ. ಈ ವಯಸ್ಸಿನಲ್ಲಿ ದಪ್ಪ ರೆಕ್ಸಿನ್ ನನ್ನ ಕೈಲಾಗುವುದಿಲ್ಲ, ಬೀದಿಯ ಕೊನೆಯಲ್ಲಿ ಒಬ್ಬಳಿದ್ದಾಳೆ, ಈ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ, ಯಾರು ಕಲಿಸಿದರೋ ಗೊತ್ತಿಲ್ಲ ಎನ್ನುತ್ತಿದ್ದ. ರೈತ ಹೋದ ಮೇಲೆ ಅದೇ ಕೈಯಲ್ಲಿ ಒಂದು ಭಾರೀ ಕುರ್ಚಿಯನ್ನು ಅನಾಯಾಸವಾಗಿ ಎತ್ತಿ ಮೇಜಿನ ಮೇಲಿಟ್ಟ. ಯಾದ್ವಿಗಾ ಒದ್ದೆ ಅಂಗಿ ಹಿಡಿದುಕೊಂಡು ನಿಂತೇ ಇದ್ದಳು. ಎಷ್ಟು ದಿನದಿಂದ ಹೀಗೆ ನಡುಗುತ್ತಿದೆ ಎಂದು ಅವನನ್ನು ಕೇಳಲಿಲ್ಲ. ಮಧ್ಯಾಹ್ನ ಅವನಿಗೆ ಇಷ್ಟವಾದ ಸೇಬಿನ ಕೇಕು ಮಾಡಿದಳು. ಇವತ್ತೇನು ವಿಶೇಷ ಎಂದು ಅವನು ಕೇಳಿದ. ಸೇಬು ಕೊಳೆಯುತ್ತಿತ್ತು ಎಂದಳು.

ಆ ಸೀಟು ಸುತ್ತಮುತ್ತಲ ಹೊಲಗಳಲ್ಲೆಲ್ಲ ಓಡಾಡಿ ಜನೆತಾಳ ಹೆಸರು ಹರಡಿತು. ಬೆಳೆ ಒಳಗೆ ಬಂದು ಚಳಿ ಶುರುವಾಗುತ್ತಿದ್ದಂತೆ ರೈತರು ತಮ್ಮ ಟ್ರ್ಯಾಕ್ಟರು, ಕೊಯ್ಲು ಯಂತ್ರಗಳ ಸೀಟುಗಳನ್ನೆಲ್ಲ ಕಿತ್ತು ತಂದರು. ಬಳಿಕ ಹಲ್ಲಿನ ಡಾಕ್ಟರ ಕುರ್ಚಿ, ಶಾಲೆಯ ವ್ಯಾಯಾಮದ ಹಾಸುಗಳು. ಅಷ್ಟರಲ್ಲಿ ಆರು ತಿಂಗಳು ಮುಗಿದು ವಂತಿಗೆ ಕಟ್ಟುವ ಸರದಿ ಬಂತು. ಮೊದಲ ಸಲ ಕಟ್ಟಿ ಬಂದ ಭಾನುವಾರ ಜನೆತಾ ಊಟಕ್ಕೆ ಕೂತವಳು, ಇಷ್ಟೆಲ್ಲ ಕಿತ್ತುಕೊಂಡರೆ ಕಸುಬಿನವರು ಬದುಕುವುದು ಹೇಗೆ ಎಂದು ಶುರು ಮಾಡಿದಳು. ಬೊಗುಮಿಲ್ ಸೌಟಿನಿಂದ ಶಾವಿಗೆ ಎತ್ತುತ್ತಿದ್ದವನು ಹಾಗೆಯೇ ನಿಂತು ಹೆಂಡತಿಯ ಮುಖ ನೋಡಿದ. ಅಷ್ಟು ಹೆಮ್ಮೆಯನ್ನು ಗಂಡನ ಮುಖದಲ್ಲಿ ಯಾದ್ವಿಗಾ ಮದುವೆಯ ದಿನವೂ ಕಂಡಿರಲಿಲ್ಲ.

ಮುಂದಿನ ಲೆಕ್ಕದಲ್ಲಿ ಜನೆತಾಳ ಆದಾಯ ಗೆರೆ ದಾಟಿತು. ಆ ಸಲ ಹತ್ತು ಜ್ವೋತಿಯಲ್ಲಲ್ಲ, ಧಾರಾಳವಾಗಿ. ಐದುನೂರು ನಿಂತಿತು. ಅವಳು ಬೇಕರಿಯಿಂದ ಗಸಗಸೆ ಕೇಕು ತಂದು, ಇನ್ನು ಮೇಲೆ ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ ಪಾನಿ ಎಂದಳು. ಯಾದ್ವಿಗಾ ಅವಳನ್ನು ತಬ್ಬಿಕೊಂಡಳು. ಒಳಗೆಲ್ಲೋ ಒಂದು ಎಳೆ ಕಡಿದ ಹಾಗೂ ಆಯಿತು, ಹಗುರವಾದ ಹಾಗೂ ಆಯಿತು. ಆದರೆ ಇದಾಗಿ ಕೆಲವೇ ತಿಂಗಳಿಗೆ ಸರ್ಕಾರ ನಿಯಮ ಬದಲಿಸಿ, ಗೆರೆಯನ್ನೇ ಅಳಿಸಿ, ಬಡವರು ಶ್ರೀಮಂತರೆನ್ನದೆ ಎಲ್ಲ ಮಕ್ಕಳಿಗೂ ಐದುನೂರು ಎಂದಿತು. ಬೊಗುಮಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹಸಿದಿದ್ದಾಗ ಹತ್ತು ಜ್ವೋತಿಗೆ ಹೆದರಿಸಿ, ಹೊಟ್ಟೆ ತುಂಬಿದ ಮೇಲೆ ಮನೆಗೇ ತಂದುಕೊಡುತ್ತಾರಲ್ಲ ಎಂದ. ಬೇಡವೆನ್ನುತ್ತೀಯಾ ಎಂದು ಯಾದ್ವಿಗಾ ಜನೆತಾಳನ್ನು ಕೇಳಿದರೆ, ಬೇಡ ಅನ್ನಲು ನನಗೇನು ಹುಚ್ಚೇ ಎಂದು ಮಗಳನ್ನು ಈಜು ಕಲಿಯಲು ಸೇರಿಸಿದಳು.

ಆ ಶರತ್ಕಾಲದಲ್ಲಿ ಬೊಗುಮಿಲ್‌ಗೆ ಅರವತ್ತೈದು ತುಂಬಿತು. ಕೊಟ್ಟಿಗೆಗೆ ಬೀಗ ಹಾಕಿದ. ಪಿಂಚಣಿ ಬಂದದ್ದು ಅಂಗೈಯಗಲ. ಕಟ್ಟುವಾಗ ಅತಿ ಕಡಿಮೆ ಎಷ್ಟಿತ್ತೋ ಅಷ್ಟನ್ನೇ ಕಟ್ಟಿದವನಿಗೆ ಬೇರೆ ಎಷ್ಟು ಬಂದೀತು. ಯಾದ್ವಿಗಾ ಇದನ್ನು ಒಂದೇ ಒಂದು ಸಲ ಎತ್ತಿ ಆಡಿ, ಅವನ ಮುಖ ನೋಡಿ ಅಲ್ಲಿಗೆ ನಿಲ್ಲಿಸಿದಳು. ಅವನು ದಿನವಿಡೀ ಕಿಟಕಿಯಿಂದ ಕಿಟಕಿಗೆ ಓಡಾಡಿದ. ಅಡುಗೆಮನೆಯ ಕುರ್ಚಿಗಳ ಗಾದಿಗಳನ್ನೆಲ್ಲ ಎರಡೆರಡು ಸಲ ಹೊಸದು ಮಾಡಿದ. ಒಂದು ಸಂಜೆ ಜನೆತಾ ಬಂದು, ಮೇಸ್ತ್ರೀ, ಊರಿನ ಬಸ್ಸುಗಳ ಸೀಟಿನ ಕೆಲಸ ನನಗೆ ಸಿಕ್ಕಿದೆ, ಕತ್ತರಿಸಲು ಒಬ್ಬರು ಬೇಕು, ದಿನಕ್ಕೆ ನಾಲ್ಕು ಗಂಟೆ ಎಂದಳು. ಎಲ್ಲ ಕಾಗದದ ಮೇಲೆ, ವಂತಿಗೆ ಸಮೇತ ಎಂದೂ ಸೇರಿಸಿದಳು. ಬೊಗುಮಿಲ್ ಯೋಚಿಸಿ ಹೇಳುತ್ತೇನೆ ಎಂದ. ಅವಳು ಗೇಟು ದಾಟುವಷ್ಟರಲ್ಲಿ ಅವನ ಯೋಚನೆ ಮುಗಿದಿತ್ತು.

ಮದುವೆಯಾದ ಹೊಸದರಲ್ಲಿ ಅವನು ಕಾರ್ಖಾನೆಗೆ ಹೋಗುತ್ತಿದ್ದಾಗ ಬುತ್ತಿ ಕಟ್ಟುತ್ತಿದ್ದವಳು ಯಾದ್ವಿಗಾಳ ಅತ್ತೆ. ಆಮೇಲೆ ಕೆಲಸವೆಲ್ಲ ಹಿತ್ತಲಲ್ಲೇ ಆದ್ದರಿಂದ ಗಂಡನಿಗೆ ಬುತ್ತಿ ಕಟ್ಟುವ ಪ್ರಮೇಯ ಅವಳಿಗೆ ಬಂದೇ ಇರಲಿಲ್ಲ. ಸೋಮವಾರ ಬೆಳಗ್ಗೆ ಎರಡು ತುಂಡು ರೈ ಬ್ರೆಡ್ಡಿಗೆ ಬೆಣ್ಣೆ ಸವರಿ, ನಡುವೆ ಹ್ಯಾಮ್ ಇಟ್ಟು, ಕಾಗದದಲ್ಲಿ ಸುತ್ತಿ, ಅವನ ಕೋಟಿನ ಜೇಬಿಗೆ ತುರುಕಿದಳು. ಎಷ್ಟು ಹೊತ್ತಿಗೆ ಬರುತ್ತೀಯೆಂದು ಕೇಳಿದಳು. ಯಜಮಾನಿ ಬಿಟ್ಟಾಗ ಎಂದ. ಅವನು ಗೇಟು ತೆರೆದು, ಹೊಸದಾಗಿ ಬಾಚಿದ ತಲೆಯ ಮೇಲೆ ಟೋಪಿ ಸರಿಮಾಡಿಕೊಂಡು, ಬೀದಿಯಲ್ಲಿ ಅವಸರದಿಂದ ನಡೆದುಹೋಗುವುದನ್ನು ಅವಳು ಕಿಟಕಿಯಲ್ಲಿ ನಿಂತು ನೋಡಿದಳು. ಕೆಲಸ ಶುರುವಾಗುವುದು ಏಳಕ್ಕೆ, ಅದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.